ಹೊತ್ತು ಹೊತ್ತಿಗೆ

ತಮ್ಮನ ಮಗಳು ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಮರ್ಚಂಡೈಸರ್. ಈಚೆಗೆ ಒಂದು ಸಂಜೆ ಫೋನ್ ಮಾಡಿ ಮೊದಲು ಊರ ಸುದ್ದಿ ಹೇಳಿದಳು. ಸೋಮನೂರಿನ ಮನೆಯ ಹಿಂದೆ ಉಳಿದಿದ್ದ ಮಗ್ಗಗಳನ್ನೂ ಅವರಪ್ಪ ಹಳೇ ಕಬ್ಬಿಣದವರಿಗೆ ತೂಕಕ್ಕೆ ಕೊಟ್ಟಾಯಿತಂತೆ. ಶೆಡ್ಡು ಖಾಲಿಯಂತೆ, ಸದ್ದಿಲ್ಲದೆ ಅಜ್ಜಿಗೆ ನಿದ್ದೆ ಬರುತ್ತಿಲ್ಲವಂತೆ. ಆಮೇಲೆ ದನಿ ತಗ್ಗಿಸಿ ಕೇಳಿದಳು: "ಅತ್ತೆ, ನೀವು ಬೆಂಗಳೂರಲ್ಲಿ ಹೋಗ್ತಿದ್ರಲ್ಲ, ತಿನ್ನೋ ವಿಷಯಕ್ಕೆ, ಅಲ್ಲಿ ಏನು ಮಾಡ್ತಾರೆ? ನನಗೂ ಕೊಯಮತ್ತೂರಲ್ಲಿ ಒಬ್ಬರ ಹತ್ರ ಹೋಗು ಅಂದಿದ್ದಾರೆ. ಊಟ ಕಟ್ ಮಾಡಿಸ್ತಾರಾ?"

"ಇಲ್ಲ ಕಣೇ, ಮೊದಲು ಊಟ ಹಾಕ್ತಾರೆ" ಅಂದೆ. ಅವಳು ನಂಬಲಿಲ್ಲ. ಫೋನಿನಲ್ಲಿ ಹೇಳಿ ಮುಗಿಯುವ ಮಾತೂ ಅಲ್ಲ. ಬರೆದು ಕೊಡೋಣವೆಂದು ಕೂತರೆ, ಎಲ್ಲಕ್ಕಿಂತ ಮೊದಲು ಕಣ್ಣೆದುರು ಬಂದು ನಿಂತವಳು ದೊಡ್ಡವ್ವ.

ನಮ್ಮದು ದೇವಾಂಗರ ಮನೆ. ಹಿರಿಯರು ಯಾವ ಕಾಲದಲ್ಲೋ ಕನ್ನಡ ನಾಡಿನಿಂದ ತೆಂಕಣಕ್ಕೆ ಬಂದವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕೈಮಗ್ಗದ ಜಾಗಕ್ಕೆ ವಿದ್ಯುತ್ ಮಗ್ಗ ಬಂದ ಮೇಲೆ ಸೋಮನೂರು, ಪಲ್ಲಡಂ, ಅವಿನಾಶಿಯ ಸುತ್ತಲಿನ ಊರುಗಳೆಲ್ಲ ಕಾಡಾ ಎಂಬ, ಬಣ್ಣ ಹಾಕದ ಬಟ್ಟೆ ನೇಯುವ ಊರುಗಳಾದವು. ನೂಲು ಯಜಮಾನರದು, ಮಗ್ಗ ನಮ್ಮದು, ನೇಯ್ದ ಮೀಟರಿಗೆ ಇಷ್ಟು ಅಂತ ಕೂಲಿ. ನಾನು ಚಿಕ್ಕವಳಿದ್ದಾಗ ಹಗಲೂ ರಾತ್ರಿ ಮಗ್ಗ ಓಡುತ್ತಿತ್ತು. ಅಡುಗೆಮನೆಯ ಗೋಡೆಗೆ ತಾಗಿಯೇ ಶೆಡ್ಡು. ಕೂಗಿ ಮಾತಾಡದಿದ್ದರೆ ಪಕ್ಕದವರಿಗೂ ಕೇಳಿಸದು.

ಆ ಮನೆಯಲ್ಲಿ ಊಟಕ್ಕೆ ಒಂದು ಕ್ರಮವಿತ್ತು. ಶಿಫ್ಟಿಗೆ ಹೋಗುವ ಗಂಡಸರು ಮೊದಲು, ಶಿಫ್ಟಿನಿಂದ ಬಂದವರು ಆಮೇಲೆ, ಮಕ್ಕಳು ನಡುವೆ. ಅಡುಗೆ ಮಾಡಿ, ಮಗ್ಗದ ಕಂಡಿಕೆಗೆ ನೂಲು ಸುತ್ತಿ, ಮತ್ತೆ ಪಾತ್ರೆ ತೊಳೆಯುವ ಹೆಂಗಸರು ಕಡೆಗೆ. ಅವರು ತಟ್ಟೆ ಇಟ್ಟುಕೊಂಡು ಕೂತು ಉಂಡದ್ದನ್ನು ನಾನು ಹಬ್ಬದಲ್ಲಿ ಬಿಟ್ಟರೆ ಕಂಡಿಲ್ಲ. ನಿಂತೇ ಎರಡು ತುತ್ತು, ಇಲ್ಲ ಮಧ್ಯಾಹ್ನದ್ದನ್ನು ಸಂಜೆಗೆ. ದೊಡ್ಡವ್ವ, ಅಂದರೆ ಅಪ್ಪನ ಅಣ್ಣನ ಹೆಂಡತಿ, ಅದರ ಮೇಲೆ ಶುಕ್ರವಾರ ಒಪ್ಪತ್ತು ಮಾಡುತ್ತಿದ್ದಳು, ಅಮಾವಾಸ್ಯೆಗೆ ಚೌಡೇಶ್ವರಿಯ ಹೆಸರಲ್ಲಿ ಉಪವಾಸ ಇರುತ್ತಿದ್ದಳು. ಆದರೂ ಮೈ ದಪ್ಪ. ಅದನ್ನು ಹೇಳದೆ ಬಿಡುವ ನೆಂಟರೇ ಇರಲಿಲ್ಲ. ಬೀಗರ ಮನೆಯವರು ಹೇಳಿದರು, ನೂಲು ತರುವ ಹುಡುಗನೂ ಹೇಳಿದ, ಮನೆ ಮಕ್ಕಳಾದ ನಾವೂ ಒಂದು ಅಡ್ಡಹೆಸರು ಇಟ್ಟಿದ್ದೆವು. ಅವಳೂ ನಮ್ಮ ಜೊತೆ ನಗುತ್ತಿದ್ದಳು.

ಒಂದು ರಾತ್ರಿ ನೀರು ಕುಡಿಯಲು ಎದ್ದವಳು ಅವಳನ್ನು ಕಂಡೆ. ಕಂಡಿಕೆ ಸುತ್ತುವ ಮೂಲೆಯಲ್ಲಿ, ದೀಪವಿಲ್ಲದ ಕಡೆ, ಗೋಡೆಗೆ ಮುಖ ಮಾಡಿ ನಿಂತು ತಿನ್ನುತ್ತಿದ್ದಳು. ರಾತ್ರಿ ಮಿಕ್ಕ ಅನ್ನ, ಬೆಲ್ಲದ ಅಚ್ಚು, ಹಬ್ಬಕ್ಕೆ ಮಾಡಿಟ್ಟ ಕಜ್ಜಾಯ, ಕಡಲೆಕಾಯಿ, ಒಂದಕ್ಕೊಂದು ಸಂಬಂಧವಿಲ್ಲದ್ದು. ಅಗಿಯುವುದಕ್ಕೂ ಪುರುಸೊತ್ತಿಲ್ಲದ ಹಾಗೆ. ಮುಖದಲ್ಲಿ ರುಚಿಯ ಗುರುತು ಏನೂ ಇರಲಿಲ್ಲ. ಮಗ್ಗದ ಸದ್ದಿನಲ್ಲಿ ಡಬ್ಬಿ ತೆರೆದದ್ದು ಯಾರಿಗೂ ಕೇಳುತ್ತಿರಲಿಲ್ಲ. ಮಾರನೆಯ ದಿನ ಅವಳು ಬೆಳಗಿನಿಂದ ಸಂಜೆಯವರೆಗೆ ಏನೂ ಮುಟ್ಟಲಿಲ್ಲ. ಕೇಳಿದ್ದಕ್ಕೆ "ಹೊಟ್ಟೆ ಸರಿಯಿಲ್ಲ" ಅಂದಳು.

ಆಕೆಗೆ ನಡುವಯಸ್ಸಿನಲ್ಲೇ ಸಕ್ಕರೆ ಕಾಯಿಲೆ ಬಂತು. ತೋರಿಸಿದ ಪ್ರತಿ ಡಾಕ್ಟರೂ ಚೀಟಿಯಲ್ಲಿ ಬರೆದದ್ದು ಒಂದೇ: ಕಡಿಮೆ ತಿನ್ನಿ, ಅನ್ನ ಬಿಡಿ, ಸಿಹಿ ಬಿಡಿ. ಅವಳು ಬಿಡುತ್ತಿದ್ದಳು. ಹಗಲೆಲ್ಲ ಬಿಟ್ಟದ್ದೆಲ್ಲ ರಾತ್ರಿ ತಿರುಗಿ ಬರುತ್ತಿತ್ತು. ಕಾಲಿನ ಹುಣ್ಣು ಮಾಯದೆ ಹೋದಳು. ಸತ್ತವರಿಗೆ ಕಾಯಿಲೆಯ ಹೆಸರು ಹಚ್ಚುವ ಅಧಿಕಾರ ನನಗಿಲ್ಲ. ಆದರೆ ನನ್ನ ಸರದಿ ಬಂದು, ಡಾಕ್ಟರು ಲಕ್ಷಣಗಳನ್ನು ಒಂದೊಂದಾಗಿ ಓದಿದಾಗ ನನ್ನ ಕಣ್ಣ ಮುಂದೆ ನಿಂತದ್ದು ಆ ಮೂಲೆಯೇ. ಮಾಮೂಲಿಗಿಂತ ಬಹಳ ಬೇಗ ತಿನ್ನುವುದು, ಹೊಟ್ಟೆ ಬಿರಿಯುವ ತನಕ ತಿನ್ನುವುದು, ಹಸಿವಿಲ್ಲದೆಯೂ ತಿನ್ನುವುದು, ನಾಚಿಕೆಯಿಂದ ಒಬ್ಬರೇ ತಿನ್ನುವುದು, ತಿಂದಾದ ಮೇಲೆ ತಮ್ಮ ಮೇಲೆ ತಮಗೇ ಹೇಸಿಗೆ. ಈ ಐದರಲ್ಲಿ ಮೂರಾದರೂ ಇದ್ದು, ನಿಲ್ಲಿಸಲಾರೆನೆಂಬ ಭಾವನೆಯೂ ಸೇರಿ, ವಾರಕ್ಕೆ ಸರಾಸರಿ ಒಮ್ಮೆಯಂತೆ ಮೂರು ತಿಂಗಳು ನಡೆದರೆ ಅದು ಬಿಂಜ್ ಈಟಿಂಗ್ ಡಿಸಾರ್ಡರ್. ತಿಂದದ್ದನ್ನು ಕಕ್ಕುವುದೋ ಭೇದಿ ಮಾತ್ರೆ ನುಂಗುವುದೋ ರೂಢಿಯಾಗಿದ್ದರೆ ಅದು ಬೇರೆ ಕಾಯಿಲೆ. ಅಮೆರಿಕದ ಮನೋವೈದ್ಯ ಆಲ್ಬರ್ಟ್ ಸ್ಟಂಕಾರ್ಡ್ ಹೀಗೆ ತಿನ್ನುವವರ ಬಗ್ಗೆ 1959ರಲ್ಲೇ ಬರೆದಿದ್ದರು. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಇದಕ್ಕೆ ಸ್ವಂತ ಸ್ಥಾನ ಸಿಕ್ಕಿದ್ದು 2013ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿ 2022ರಿಂದ ಜಾರಿಗೆ ಬಂತು, ಅದರಲ್ಲೂ ಇದೆ. ದೊಡ್ಡವ್ವನ ಕಾಲಕ್ಕೆ ನಮ್ಮೂರಿನ ಡಾಕ್ಟರಿಗೆ ಇದು ಗೊತ್ತಿರಬೇಕಿತ್ತು ಅನ್ನುವುದು ನ್ಯಾಯವಲ್ಲ. ಅಡ್ಡಹೆಸರು ಇಡಲು ಮಾತ್ರ ಯಾವ ಪುಸ್ತಕವೂ ಬೇಕಾಗಿರಲಿಲ್ಲ.

ನನ್ನದು ಶುರುವಾದದ್ದು ತಿರುಪ್ಪೂರಿನಲ್ಲಿ. ತೊಂಬತ್ತರ ದಶಕದ ಕೊನೆ. ಒಂದು ಎಕ್ಸ್‌ಪೋರ್ಟ್ ಕಂಪನಿಯ ಲೆಕ್ಕದ ವಿಭಾಗದಲ್ಲಿ ಕೆಲಸ ಸಿಕ್ಕಿತ್ತು. ಸೋಮನೂರು ಸ್ಟೇಷನ್ನಿನಿಂದ ಪ್ಯಾಸೆಂಜರ್ ರೈಲಿಗೆ ಪಾಸು. ಮನೆಯಲ್ಲಿ ಗಂಡು ನೋಡುತ್ತಿದ್ದರು. ಬಂದ ಮನೆಯವರೊಬ್ಬರು ನನ್ನೆದುರೇ "ಹುಡುಗಿ ಸ್ವಲ್ಪ ಇಳಿದರೆ ನೋಡೋಣ" ಅಂದರು. ಅಂದಿನಿಂದ ಬೆಳಗಿನ ತಿಂಡಿ ಬಿಟ್ಟೆ. ಮಧ್ಯಾಹ್ನದ ಡಬ್ಬಿಯಲ್ಲಿ ಅರ್ಧ ಉಂಡು ಅರ್ಧ ಚೆಲ್ಲುತ್ತಿದ್ದೆ. ಸರಕು ಸಾಗಿಸುವ ದಿನ ಹತ್ತಿರ ಬಂದರೆ ಆಫೀಸು ಬಿಡುವುದು ರಾತ್ರಿ ಎಂಟಾಗುತ್ತಿತ್ತು. ಸ್ಟೇಷನ್ ದಾರಿಯ ಬೇಕರಿಯಲ್ಲಿ ಹನಿ ಕೇಕು, ತೆಂಗಿನಕಾಯಿ ಬನ್ನು, ಪಫ್ಸು, ಅರ್ಧ ಕಿಲೋ ಮಿಕ್ಸ್ಚರ್. "ಮನೆಗೆ" ಎಂದು ಹೇಳಿ ಕಟ್ಟಿಸಿಕೊಳ್ಳುತ್ತಿದ್ದೆ. ಮನೆ ಸೇರುವಷ್ಟರಲ್ಲಿ ಪೊಟ್ಟಣದಲ್ಲಿ ಏನೂ ಉಳಿಯುತ್ತಿರಲಿಲ್ಲ. ಕೆಲಸ ಬದಲಾಗಿ ಬೆಂಗಳೂರಿಗೆ ಬಂದೆ, ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದೆ, ಮದುವೆಯಾಯಿತು. ಅದು ಜೊತೆಗೇ ಬಂತು.

ಎಷ್ಟೋ ವರ್ಷದ ಮೇಲೆ, ಬಿಪಿ ನೋಡುತ್ತಿದ್ದ ಹೆಂಗಸು ಡಾಕ್ಟರೊಬ್ಬರು ಪಟ್ಟಿ ಬಿಚ್ಚುತ್ತಾ, ತೀರ ಸಾಮಾನ್ಯವೆಂಬಂತೆ ಕೇಳಿದರು: "ಒಬ್ಬರೇ ಇದ್ದಾಗ ತಿನ್ನೋದು ಹೇಗೆ? ಶುರು ಮಾಡಿದ ಮೇಲೆ ನಿಲ್ಲಿಸೋಕೆ ಆಗಲ್ಲ ಅಂತ ಅನ್ನಿಸುತ್ತಾ?" ಏನು ತಿನ್ನುತ್ತೀರಿ, ಎಷ್ಟು ತಿನ್ನುತ್ತೀರಿ ಎಂದು ಕೇಳಿದವರು ಬೇಕಾದಷ್ಟು ಜನ. ಹೇಗೆ ಎಂದು ಯಾರೂ ಕೇಳಿರಲಿಲ್ಲ. ನಾನು ಅಲ್ಲೇ ಅತ್ತೆ. ಅವರು ಒಬ್ಬ ಮನಶ್ಶಾಸ್ತ್ರಜ್ಞೆಯ ಹೆಸರು ಬರೆದುಕೊಟ್ಟರು.

ಇನ್ನು, ಮಗಳೇ, ನೀನು ಕೇಳಿದ್ದು.

ಮೊದಲ ಭೇಟಿಯಲ್ಲಿ ಬರೀ ಪ್ರಶ್ನೆಗಳು. ಯಾವಾಗ ಶುರುವಾಯಿತು, ವಾರಕ್ಕೆ ಎಷ್ಟು ಸಲ, ವಾಂತಿ ಮಾಡಿಕೊಳ್ಳುವುದುಂಟೇ, ನಿದ್ದೆ ಹೇಗಿದೆ, ಬದುಕು ಸಾಕೆನಿಸುತ್ತದೆಯೇ. ಈ ಕೊನೆಯದನ್ನು ನೇರವಾಗಿಯೇ ಕೇಳುತ್ತಾರೆ, ಹೆದರಬೇಡ. ಈ ಕಾಯಿಲೆಯ ಜೊತೆ ಖಿನ್ನತೆ ಇರುವುದು ಹೆಚ್ಚು. ಸಕ್ಕರೆ, ಥೈರಾಯ್ಡ್ ಪರೀಕ್ಷೆಗೂ ಕಳಿಸುತ್ತಾರೆ. ಆಮೇಲೆ ಆಕೆ ನನ್ನ ಆಸೆಗೆ ತಣ್ಣೀರು ಹೊಯ್ಯುವ ಮಾತೊಂದನ್ನು ಹೇಳಿದರು: "ಇದು ತೂಕ ಇಳಿಸೋ ಚಿಕಿತ್ಸೆ ಅಲ್ಲ. ತೂಕ ಇಳಿಯಬಹುದು, ಇಳಿಯದೇ ಇರಬಹುದು. ಹಿಡಿತ ತಪ್ಪಿ ತಿನ್ನೋದು ನಿಲ್ಲಬೇಕು, ಅಷ್ಟೇ ನಮ್ಮ ಕೆಲಸ." ನನಗೆ ಸಿಟ್ಟು ಬಂತು. ಅವರು ಮೊದಲೇ ಹೇಳಿದ್ದು ಎಷ್ಟು ಪ್ರಾಮಾಣಿಕ ಎಂಬುದು ಆಮೇಲೆ ತಿಳಿಯಿತು. ಇಂಗ್ಲೆಂಡಿನ ನೈಸ್ ಎಂಬ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಕೂಡ ಇದನ್ನು ರೋಗಿಗೆ ವಿವರಿಸಿ ಹೇಳಬೇಕೆನ್ನುತ್ತದೆ.

ಎರಡನೆಯದು ಬರೆಯುವುದು. ಒಂದು ನೋಟ್‌ಬುಕ್ಕಿನಲ್ಲಿ ತಿಂದದ್ದನ್ನೆಲ್ಲ, ತಿಂದ ಕೂಡಲೇ. ಹೊತ್ತು, ಏನು ತಿಂದೆ, ಎಲ್ಲಿ, ಜೊತೆಗೆ ಯಾರಿದ್ದರು, ಆಗ ಮನಸ್ಸು ಹೇಗಿತ್ತು. ಹಿಡಿತ ತಪ್ಪಿದ್ದಕ್ಕೆ ಪಕ್ಕದಲ್ಲಿ ಒಂದು ನಕ್ಷತ್ರದ ಗುರುತು. ಕ್ಯಾಲೊರಿ ಬರೆಯುವಂತಿಲ್ಲ. ಮೊದಲ ವಾರ ಹಾಳೆ ಕೊಡುವಾಗ ಕೈ ನಡುಗಿತು, ಅಷ್ಟು ದಿನ ಯಾರ ಕಣ್ಣಿಗೂ ಬೀಳದಂತೆ ಮಾಡಿದ್ದೆಲ್ಲ ನನ್ನ ಅಕ್ಷರದಲ್ಲೇ ಇತ್ತು. ಆಕೆ ಅದನ್ನು ಗುಮಾಸ್ತರು ಲೆಕ್ಕದ ಪುಸ್ತಕ ಓದುವಷ್ಟೇ ಶಾಂತವಾಗಿ ಓದಿ, ಒಂದು ಕಡೆ ಬೆರಳಿಟ್ಟು ಕೇಳಿದರು: "ಬುಧವಾರ ಬೆಳಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ ಒಂದು ಟೀ, ಒಂದು ಬಾಳೆಹಣ್ಣು. ರಾತ್ರಿ ಒಂಬತ್ತಕ್ಕೆ ನಕ್ಷತ್ರ. ನಿಮಗೇನನ್ನಿಸುತ್ತೆ?"

ಅಲ್ಲಿಂದ ಮೂರನೆಯದಕ್ಕೆ. ಇದೇ ಇಡೀ ಚಿಕಿತ್ಸೆಯ ಬೆನ್ನೆಲುಬು, ನೀನು ನಂಬದೇ ಹೋದದ್ದೂ ಇದನ್ನೇ. ಮೂರು ಊಟ, ನಡುನಡುವೆ ಎರಡೋ ಮೂರೋ ಸಣ್ಣ ತಿಂಡಿ. ಎರಡರ ನಡುವೆ ನಾಲ್ಕು ತಾಸಿಗಿಂತ ಹೆಚ್ಚು ಬಿಡುವು ಇರಬಾರದು. ಹಸಿವಿರಲಿ ಬಿಡಲಿ, ಹಿಂದಿನ ರಾತ್ರಿ ಏನೇ ಆಗಿರಲಿ, ಬೆಳಗ್ಗೆ ತಿಂಡಿ ತಿನ್ನಲೇಬೇಕು. ಏನು ತಿನ್ನಬೇಕೆಂದು ಮೊದಲ ವಾರಗಳಲ್ಲಿ ಆಕೆ ಹೇಳಲೇ ಇಲ್ಲ, ಹೊತ್ತನ್ನು ಮಾತ್ರ ಕೇಳಿದರು. ಈ ವಿಧಾನವನ್ನು ರೂಪಿಸಿದವರಲ್ಲಿ ಆಕ್ಸ್‌ಫರ್ಡಿನ ಕ್ರಿಸ್ಟೋಫರ್ ಫೇರ್‌ಬರ್ನ್ ಮುಖ್ಯರು. ಯೋಚನೆಯ, ನಡವಳಿಕೆಯ ರೂಢಿಗಳನ್ನು ಬದಲಿಸಲು ಕಲಿಸುವ, ಸಿಬಿಟಿ ಎಂದು ಕರೆಯುವ ಚಿಕಿತ್ಸೆಯನ್ನು ಊಟದ ಕಾಯಿಲೆಗಳಿಗೆ ಹೊಂದಿಸಿದವರು.

ತಿನ್ನುವ ಕಾಯಿಲೆಗೆ ತಿನ್ನಿಸುವುದೇ ಮದ್ದು ಹೇಗಾದೀತೆಂದು ನಾನೂ ಕೇಳಿದ್ದೆ. ಆಗ ಆಕೆ ಮಿನ್ನೆಸೋಟಾದ ಕಥೆ ಹೇಳಿದರು. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944–45ರಲ್ಲಿ, ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಯುದ್ಧಕ್ಕೆ ಹೋಗಲೊಪ್ಪದ 36 ಆರೋಗ್ಯವಂತ ಯುವಕರನ್ನು, ಅವರ ಒಪ್ಪಿಗೆಯಿಂದಲೇ, ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟರು. ತೂಕ ಕಾಲುಭಾಗದಷ್ಟು ಇಳಿಯಿತು. ಅವರು ಹಗಲೆಲ್ಲ ಊಟದ ಮಾತಾಡಿದರು, ಅಡುಗೆ ಪುಸ್ತಕ ಓದಿದರು. ಊಟ ಮತ್ತೆ ಸಿಕ್ಕಾಗ ಕೆಲವರು ಎಷ್ಟು ತಿಂದರೂ ತುಂಬದೆ, ನಿಲ್ಲಿಸಲಾರದೆ ತಿಂದರು. ಬಲವಾದ ಮನಸ್ಸಿನವರೆಂದು ಆರಿಸಿ ತಂದ ಗಂಡಸರು ಅವರು. ಈ ಕಥೆ ಕೇಳಿದ ರಾತ್ರಿ ನಾನು ದೊಡ್ಡವ್ವನ ಶುಕ್ರವಾರಗಳನ್ನೂ ಅಮಾವಾಸ್ಯೆಗಳನ್ನೂ ನೆನೆದೆ. ನಮ್ಮ ಮನೆಯ ಕಷ್ಟದ ತಿಂಗಳುಗಳನ್ನೂ ನೆನೆದೆ. ಕೂಲಿ ಏರಿಸಿ ಎಂದು ಮಗ್ಗ ನಿಲ್ಲಿಸಿ ಕೂತ ದಿನಗಳಲ್ಲಿ ಒಲೆ ಒಂದೇ ಹೊತ್ತು ಉರಿಯುತ್ತಿತ್ತು, ಕೂಲಿ ಕೈಗೆ ಬಂದ ದಿನ ಒಬ್ಬಟ್ಟು. ಇದು ಉಳ್ಳವರ ಕಾಯಿಲೆ ಎಂಬ ಮಾತುಂಟು. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಮೆರಿಕದ ಸ್ಯಾನ್ ಆಂಟೋನಿಯೋ ನಗರದಲ್ಲಿ ಉಚಿತ ದಿನಸಿಗೆ ಬರುವವರನ್ನು ಕೇಳಿ ನೋಡಿತು. ಮನೆಯಲ್ಲಿ ಊಟದ ಕೊರತೆ ಹೆಚ್ಚಿದಷ್ಟೂ ಹಿಡಿತ ತಪ್ಪಿ ತಿನ್ನುವುದೂ ಹೆಚ್ಚಿತ್ತು.

ನಮ್ಮ ಮನೆಯವರು ಪ್ರೀತಿಯಿಲ್ಲದವರಲ್ಲ. ಒಬ್ಬಟ್ಟಿಗೆ ತುಪ್ಪ ಹಾಕುವಾಗ ಅವ್ವನ ಕೈ ತಡೆಯುತ್ತಲೇ ಇರಲಿಲ್ಲ, ಆದರೆ ಅದೇ ಅವ್ವ ಮರುಕ್ಷಣ "ಸಾಕು, ಈಗಲೇ ಹೀಗಿದ್ದೀಯ" ಅನ್ನುತ್ತಿದ್ದಳು. ತಟ್ಟೆಗೆ ಬಡಿಸುವುದೂ ತಟ್ಟೆಯ ಮೇಲೆ ಕಣ್ಣಿಡುವುದೂ ಒಟ್ಟಿಗೇ ನಡೆಯುವ ಮನೆಯಲ್ಲಿ ಹುಡುಗಿಯೊಬ್ಬಳು ಕದ್ದು ತಿನ್ನಲು ಕಲಿಯುತ್ತಾಳೆ. ಇದನ್ನು ಹೇಳದೆ ಅವರ ಪ್ರೀತಿಯನ್ನಷ್ಟೇ ಬರೆದರೆ ಸುಳ್ಳಾಗುತ್ತದೆ.

ಹೊತ್ತಿನ ಊಟ ನೆಲೆಯಾದ ಮೇಲೆ ನಕ್ಷತ್ರಗಳು ಕಡಿಮೆಯಾದವು, ಪೂರ್ತಿ ಹೋಗಲಿಲ್ಲ. ಉಳಿದವುಗಳ ಹಿಂದೆ ಏನಿದೆಯೆಂದು ಹುಡುಕುವುದು ಮುಂದಿನ ಕೆಲಸ. ನನ್ನ ಹಾಳೆಗಳಲ್ಲಿ ಅದು ಎದ್ದು ಕಾಣುತ್ತಿತ್ತು. ಊರಿನಿಂದ ದುಡ್ಡಿನ ಫೋನು ಬಂದ ರಾತ್ರಿ, ಗಂಡ ಊರಲ್ಲಿಲ್ಲದ ರಾತ್ರಿ, ಆಫೀಸಿನಲ್ಲಿ ಎದುರು ಮಾತಾಡಲಾಗದೆ ನುಂಗಿಕೊಂಡು ಬಂದ ರಾತ್ರಿ. ಆಸೆ ಎದ್ದ ಕೂಡಲೇ ಅದರೊಡನೆ ಗುದ್ದಾಡಬೇಡಿ, ಅಲೆಯ ಹಾಗೆ ಏರಿ ಇಳಿಯುತ್ತದೆ, ಇಳಿಯುವವರೆಗೆ ಏನಾದರೂ ಮಾಡಿ ಎಂದರು. ಏನೆಂಬುದನ್ನು ಮೊದಲೇ ಪಟ್ಟಿ ಮಾಡಿಸಿದರು. ಬೀದಿಯ ಕೊನೆಯವರೆಗೆ ನಡೆಯುವುದು, ಸ್ನಾನ, ನಿನ್ನ ಅಪ್ಪನಿಗೆ ಫೋನು. ಆ ದಿನಗಳಲ್ಲಿ ನಾನು ಹೊತ್ತಲ್ಲದ ಹೊತ್ತಲ್ಲಿ ಫೋನ್ ಮಾಡಿ ಮಳೆ ಬಂತಾ, ಸಾಮಳಾಪುರದ ಕೆರೆ ತುಂಬಿತಾ ಎಂದು ಕೇಳುತ್ತಿದ್ದದ್ದು ಅವನಿಗೆ ವಿಚಿತ್ರ ಅನ್ನಿಸಿರಬೇಕು. ಒಂದು ದಿನವೂ ಬೇಗ ಇಡಲಿಲ್ಲ.

ಆಮೇಲೆ ಹನಿ ಕೇಕು. ನಾನು ಮುಟ್ಟಬಾರದೆಂದು ನನಗೇ ವಿಧಿಸಿಕೊಂಡಿದ್ದ ತಿಂಡಿಗಳ ಪಟ್ಟಿ ಮಾಡಿಸಿ, ಒಂದೊಂದಾಗಿ ಊಟದ ಹೊತ್ತಿಗೆ, ಇನ್ನೊಬ್ಬರ ಜೊತೆ ಕೂತು ತಿನ್ನುವಂತೆ ಹೇಳಿದರು. ಬಾರದು ಎಂಬ ಕಟ್ಟು ಇರುವವರೆಗೆ ಒಂದು ತುಣುಕು ಬಾಯಿಗೆ ಬಿದ್ದರೂ "ಹೇಗೂ ಕೆಟ್ಟಿತು" ಎಂದು ಇಡೀ ಪೊಟ್ಟಣ ಖಾಲಿಯಾಗುತ್ತದೆ. ಗಂಡನ ಎದುರು ಕೂತು ಒಂದು ತುಂಡು ಹನಿ ಕೇಕನ್ನು ತಟ್ಟೆಯಲ್ಲಿಟ್ಟು ತಿಂದೆ. ಅದು ಇಷ್ಟು ಸಿಹಿಯೆಂದು ಅಷ್ಟು ವರ್ಷ ನನಗೆ ಗೊತ್ತೇ ಆಗಿರಲಿಲ್ಲ.

ತೂಕ ವಾರಕ್ಕೊಂದೇ ಸಲ, ಅವರ ಎದುರಿಗೆ. ದಿನಕ್ಕೆ ಹಲವು ಸಲ ತಕ್ಕಡಿ ಹತ್ತುವವರಿಗೂ, ಹೆದರಿ ಹತ್ತಿರ ಹೋಗದವರಿಗೂ ಇದೇ ನಿಯಮ. ಇನ್ನೊಂದು ದಿನ ಹಾಳೆಯ ಮೇಲೊಂದು ವೃತ್ತ ಬರೆದು, ನಿಮ್ಮನ್ನು ನೀವು ಯಾವುದರಿಂದ ಅಳೆಯುತ್ತೀರಿ, ಅದರಂತೆ ಭಾಗ ಮಾಡಿ ಎಂದರು. ನಾನು ಗೆರೆ ಎಳೆದೆ. ಮೈಯ ಆಕಾರಕ್ಕೆ ಮುಕ್ಕಾಲು ವೃತ್ತ ಹೋಯಿತು. ನನ್ನ ಮಗಳು, ಕೆಲಸ, ಓದು, ಗೆಳತಿಯರು, ಎಲ್ಲ ಸೇರಿ ಉಳಿದ ಕಾಲು. ಆಗಷ್ಟೇ ಛಲ ಹಿಡಿದು ಕನ್ನಡ ಓದು ಬರಹ ಕಲಿಯುತ್ತಿದ್ದೆ, ಮನೆಮಾತಿನ ಅಕ್ಷರವೇ ನನಗೆ ಬರುತ್ತಿರಲಿಲ್ಲ. ಅದಕ್ಕೆ ಸಿಕ್ಕಿದ್ದು ಒಂದು ಸೀಳು. ಆಕಾರದ ಭಾಗವನ್ನು ಕಿರಿದು ಮಾಡಲು ಅದರೊಡನೆ ಜಗಳವಾಡಬೇಕಿಲ್ಲ, ಬೇರೆ ಭಾಗಗಳನ್ನು ಹಿಗ್ಗಿಸಿ ಎಂದರು. ಈ ಬರಹವನ್ನು ನಾನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಆ ದಿನವೂ ಒಂದು ಕಾರಣ.

ನಿನ್ನದು ಬೇರೆ ದಾರಿಯೂ ಆಗಬಹುದು. ಸಾವು, ಮನಸ್ತಾಪ, ಮದುವೆ, ಊರು ಬಿಟ್ಟದ್ದು ಇಂಥವೇ ಬೇರಾಗಿದ್ದರೆ ಸಂಬಂಧಗಳ ಮೇಲೆಯೇ ಕೆಲಸ ಮಾಡುವ ಐಪಿಟಿ ಎಂಬ ಚಿಕಿತ್ಸೆ ಇದೆ. ಭಾವನೆಯ ಬಿರುಸನ್ನು ತಾಳಲು ಕಲಿಸುವ ಡಿಬಿಟಿ ಇದೆ. ಮಾರ್ಗದರ್ಶನದೊಡನೆ ಪುಸ್ತಕ ಓದಿ ಮಾಡುವ ಕ್ರಮವೂ ಕೆಲವರಿಗೆ ಸಾಕಾಗುತ್ತದೆ, ನೈಸ್ ಅದನ್ನೇ ಮೊದಲು ಪ್ರಯತ್ನಿಸಲು ಹೇಳುತ್ತದೆ. ಅದು ಒಗ್ಗದಿದ್ದರೆ ಗುಂಪಿನಲ್ಲಿ ವಾರಕ್ಕೊಮ್ಮೆಯಂತೆ 16 ಸಲ, ಇಲ್ಲ ಒಬ್ಬರಿಗೇ 16ರಿಂದ 20 ಸಲ. ಮಾತ್ರೆ ಕೊಟ್ಟರೆ ಬೇಡವೆನ್ನಬೇಡ. ಮಾತ್ರೆಯೊಂದನ್ನೇ ಕೊಟ್ಟು ಕಳಿಸಿದರೆ ಮಾತ್ರ ಉಳಿದದ್ದು ಎಲ್ಲಿ ಎಂದು ಕೇಳು. ಕೊನೆಯ ಭೇಟಿಗಳಲ್ಲಿ, ಮುಂದೆ ಯಾವಾಗ ಜಾರಬಹುದು, ಜಾರಿದರೆ ಮೊದಲ ದಿನ ಏನು ಮಾಡಬೇಕು ಎಂದು ನಿನ್ನ ಕೈಯಲ್ಲೇ ಬರೆಸುತ್ತಾರೆ. ನನ್ನ ಹಾಳೆಯ ಮೊದಲ ಸಾಲು: ಮಾರನೆಯ ಬೆಳಗ್ಗೆ ತಿಂಡಿ ಬಿಡಬಾರದು. ಆ ಹಾಳೆಯನ್ನು ಆಮೇಲೂ ತೆಗೆದು ನೋಡುವ ಸಂದರ್ಭ ಬಂದಿದೆ. ಚಿಕಿತ್ಸೆ ಸೋತಿತೆಂದು ಅದರ ಅರ್ಥವಲ್ಲ, ಹಾಳೆ ಬರೆಸಿದ್ದೇ ಅದಕ್ಕೆ.

ನೀನು ಅಜ್ಜಿಗೆ ಏನು ಹೇಳುವುದೆಂದು ಚಿಂತೆ ಮಾಡುತ್ತಿರಬಹುದು. ಚಿಕಿತ್ಸೆಯ ಮೊದಲ ವರ್ಷವೇ ನಾನು ವಿಜಯದಶಮಿಗೆ ಊರಿಗೆ ಬಂದಿದ್ದೆ. ಕತ್ತಿ ಹಾಕುವ ದಿನ, ಚೌಡೇಶ್ವರಿ ಅಮ್ಮನ ಮೆರವಣಿಗೆಯಲ್ಲಿ ನಮ್ಮವರು ಎದೆಗೆ ಕತ್ತಿ ಬಡಿದುಕೊಂಡು ಕುಣಿದು ಬರುವುದನ್ನು ನೀನೂ ನೋಡಿದ್ದೀಯ. ಮನೆ ಹೆಂಗಸರೆಲ್ಲ ಉಪವಾಸ. ಉಪವಾಸ ಸದ್ಯಕ್ಕೆ ಬೇಡವೆಂದು ನನಗೆ ಹೇಳಿದ್ದರು. ಅವ್ವನಿಗೆ ಕಾಯಿಲೆಯ ಹೆಸರು ಹೇಳಲು ನನಗೆ ಬಾರದೆ, "ಡಾಕ್ಟರು ಹೊತ್ತಿಗೆ ಸರಿಯಾಗಿ ಉಣ್ಣು ಅಂದಿದ್ದಾರೆ, ಇಲ್ಲದಿದ್ದರೆ ರಾತ್ರಿ ದೊಡ್ಡವ್ವನ ಹಾಗೆ ಆಗುತ್ತೆ" ಅಂದೆ. ಅವ್ವ ಏನೂ ಕೇಳಲಿಲ್ಲ. ಅವಳಿಗೆ ಆ ಮೂಲೆ ಗೊತ್ತಿತ್ತು ಎಂಬುದು ನನಗೆ ಆಗ ತಿಳಿಯಿತು. ಒಳಗೆ ಹೋಗಿ ಒಲೆ ಹಚ್ಚಿ ನನ್ನೊಬ್ಬಳಿಗೇ ಇಡ್ಲಿ ಇಟ್ಟಳು. "ತಾಯಿಗೆ ನಾನು ಹೇಳ್ಕೋತೀನಿ, ನೀನು ಉಣ್ಣು" ಅಂದಳು. ನೀನೂ ಅವಳಿಗೆ ಹೇಳಬಹುದು. ನಿನ್ನ ಅಪ್ಪನಿಗಿಂತ ಮೊದಲು ಅವಳಿಗೇ ಹೇಳು.

ನಿನ್ನ ಕಾಲದಲ್ಲಿ ಕೆಲವು ಸುಲಭವಾಗಿವೆ, ಕೆಲವು ಕಷ್ಟವಾಗಿವೆ. ನನಗೆ ಬೇಕರಿಯವನ ಮುಖ ನೋಡುವ ಸಂಕೋಚವಾದರೂ ಒಂದು ತಡೆಯಾಗಿತ್ತು. ನೀನಿರುವ ಕೋಣೆಯ ಬಾಗಿಲಿಗೆ ಮೊಬೈಲು ಒತ್ತಿದರೆ ಮಧ್ಯರಾತ್ರಿಯಲ್ಲೂ ತಿಂಡಿ ಬರುತ್ತದೆ. ಮಗ್ಗದ ಸದ್ದಿನ ಮರೆಯೂ ಬೇಕಿಲ್ಲ. ಆದರೆ ನೀನು ಬಾಯಿಬಿಟ್ಟು ಕೇಳಿದೆ, ಇನ್ನೂ ಮೂವತ್ತಾಗುವ ಮೊದಲೇ. ಕೊಯಮತ್ತೂರಿನವರು ನಿನಗೆ ಹೊಂದದಿದ್ದರೆ ಇನ್ನೊಬ್ಬರನ್ನು ಹುಡುಕೋಣ. ರಾತ್ರಿ ಹೊತ್ತು ತೀರಾ ಕಷ್ಟವಾದರೆ 14416ಕ್ಕೆ ಕರೆ ಮಾಡು. 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಟೆಲಿ ಮಾನಸ್ ಅದು, ದುಡ್ಡಿಲ್ಲ, ತಮಿಳಿನಲ್ಲೂ ಮಾತಾಡಬಹುದು, ಕನ್ನಡದಲ್ಲೂ.

ಇನ್ನೊಂದು ಮಾತು ನಿನಗಲ್ಲ, ಊರಿಗೆ. ತಮಿಳುನಾಡು ಸರ್ಕಾರ 2021ರಲ್ಲಿ ಮಕ್ಕಳೈ ತೇಡಿ ಮರುತ್ತುವಂ ಯೋಜನೆ ತಂದ ಮೇಲೆ, ಬಿಪಿ ಸಕ್ಕರೆ ನೋಡುವವರು ಮನೆಬಾಗಿಲಿಗೇ ಬರುತ್ತಾರೆ, ಮಾತ್ರೆ ಕೊಡುತ್ತಾರೆ. ದೊಡ್ಡವ್ವನ ಕಾಲಕ್ಕೆ ಊಹಿಸಲೂ ಆಗದ ಉಪಕಾರ. ಆ ಹೆಣ್ಣುಮಕ್ಕಳು ಬೆರಳು ಚುಚ್ಚಿ ಸಕ್ಕರೆ ನೋಡಿದ ಮೇಲೆ ಎರಡು ಪ್ರಶ್ನೆ ಹೆಚ್ಚಿಗೆ ಕೇಳುವಂತಾಗಬೇಕು, ಮನೆಯ ಗಂಡಸರು ಪಕ್ಕದಲ್ಲಿಲ್ಲದಾಗ: ಹಗಲು ಉಂಡಿರಾ? ಒಬ್ಬರೇ ಇರುವಾಗ, ನಿಲ್ಲಿಸಲಾಗದೆ ತಿನ್ನುವುದುಂಟಾ? ಉಂಟು ಎಂದವಳಿಗೆ ಅನ್ನ ಬಿಡು ಎಂದು ಹೇಳಿ ಹೋಗದೆ, ಕೊಯಮತ್ತೂರು ಮೆಡಿಕಲ್ ಕಾಲೇಜು ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಒಂದು ಚೀಟಿ ಬರೆದುಕೊಟ್ಟು, ಜೊತೆಗೆ ಹೋಗುವವರು ಯಾರಿದ್ದಾರೆಂದೂ ವಿಚಾರಿಸಬೇಕು.